ಚೀಡ್ ಪೈನ್ ರಾಳ: ಮರ ಉಳಿದರಷ್ಟೇ ಹಳ್ಳಿಗೆ ಆದಾಯ

ಪಿಟೀಲು ವಾದಕರು ಕಮಾನಿಗೆ ಉಜ್ಜುವ ರೋಸಿನ್ ತುಂಡು, ಪೇಂಟ್ ತೆಳುವಾಗಿಸುವ ಟರ್ಪೆಂಟೈನ್ ಎಣ್ಣೆ – ಎರಡರ ಮೂಲವೂ ಪೈನ್ ಮರದ ರಾಳ. ಭಾರತದಲ್ಲಿ ಇದು ಮುಖ್ಯವಾಗಿ ಉತ್ತರಾಖಂಡ, ಹಿಮಾಚಲ ಪ್ರದೇಶ ಮತ್ತು ಜಮ್ಮು-ಕಾಶ್ಮೀರದ ಚೀಡ್ ಪೈನ್ ಕಾಡುಗಳಿಂದ ಬರುತ್ತದೆ. ಉತ್ತರಾಖಂಡದಲ್ಲಿ ಇದನ್ನು ‘ಲೀಸಾ’ ಎನ್ನುತ್ತಾರೆ.

ರಾಳ ಎಂದರೇನು?

ಕಾಂಡಕ್ಕೆ ಗಾಯವಾದಾಗ ಅದನ್ನು ಮುಚ್ಚಲು ಮರ ಸ್ರವಿಸುವ ಅಂಟು ದ್ರವವೇ ರಾಳ. ಬಟ್ಟಿ ಇಳಿಸಿದಾಗ ಟರ್ಪೆಂಟೈನ್ ಬೇರ್ಪಟ್ಟು, ಗಟ್ಟಿ ರೋಸಿನ್ ಉಳಿಯುತ್ತದೆ. ಕಾಗದ, ಶಾಯಿ, ಬಣ್ಣ, ಸಾಬೂನು ಮತ್ತು ಅಂಟು ತಯಾರಿಕೆಗೆ ರೋಸಿನ್ ಬೇಕು. ಹಿಮಾಚಲದ ಅರಣ್ಯ ಅಭಿವೃದ್ಧಿ ನಿಗಮವು ನಾಹನ್ ಮತ್ತು ಬಿಲಾಸ್‌ಪುರದಲ್ಲಿ ಇದಕ್ಕಾಗಿ ಕಾರ್ಖಾನೆ ಹೊಂದಿದೆ.

ಸಂಗ್ರಹ ಹೇಗೆ?

ಹಳೆಯ ವಿಧಾನದಲ್ಲಿ ಕಾಂಡವನ್ನು ಅಗಲವಾಗಿ, ಆಳವಾಗಿ ಕೆತ್ತುತ್ತಿದ್ದರು. ಇದರಿಂದ ಮರ ದುರ್ಬಲವಾಗಿ ಗಾಳಿಗೆ ಮುರಿಯುತ್ತಿತ್ತು. ನಂತರ ಬಂದದ್ದು ‘ರಿಲ್’ ವಿಧಾನ. ತೊಗಟೆ ಹೆರೆದು, ಕೆಲವೇ ಮಿಲಿಮೀಟರ್ ಆಳದ ಓರೆ ಗೀರುಗಳನ್ನು ಹಾಕಿ, ರಾಳ ಹೆಚ್ಚು ಹರಿಯಲು ಆಮ್ಲದ ದ್ರಾವಣ ಸಿಂಪಡಿಸುತ್ತಾರೆ. ಕೆಳಗಿನ ಕಪ್‌ನಲ್ಲಿ ರಾಳ ಸಂಗ್ರಹವಾಗುತ್ತದೆ. ಕೆಲಸ ಸಾಮಾನ್ಯವಾಗಿ ಮಾರ್ಚ್‌ನಿಂದ ಅಕ್ಟೋಬರ್‌–ನವೆಂಬರ್‌ವರೆಗೆ ನಡೆಯುತ್ತದೆ.

ಇತ್ತೀಚಿನ ‘ಬೋರ್‌ಹೋಲ್’ ವಿಧಾನದಲ್ಲಿ ಕಾಂಡದ ಬುಡದಲ್ಲಿ ಸಣ್ಣ ರಂಧ್ರ ಕೊರೆದು, ಅದಕ್ಕೆ ಮುಚ್ಚಿದ ಚೀಲ ಜೋಡಿಸುತ್ತಾರೆ. ಗಾಯ ಚಿಕ್ಕದು. ರಾಳಕ್ಕೆ ಕಸ ಸೇರುವುದಿಲ್ಲ, ಟರ್ಪೆಂಟೈನ್ ಆವಿಯಾಗುವುದೂ ಕಡಿಮೆ.

ಅಪಾಯ ಎಲ್ಲಿದೆ?

ಕೂಲಿ ಸಾಮಾನ್ಯವಾಗಿ ರಾಳದ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಹಾಗಾಗಿ ಆಳವಾಗಿ ಗೀರುವ, ಎಳೆಯ ಮರಗಳನ್ನೂ ಬಳಸುವ, ಆಮ್ಲ ಹೆಚ್ಚು ಹಾಕುವ ಒತ್ತಡ ಇದ್ದೇ ಇರುತ್ತದೆ. ಸಂಗ್ರಹದ ಕಾಲದಲ್ಲೇ ಬೇಸಿಗೆಯ ಕಾಳ್ಗಿಚ್ಚೂ ಬರುತ್ತದೆ. ಒಣಗಿದ ಪೈನ್ ಎಲೆಗಳ ಬೆಂಕಿ ರಾಳ ಮೆತ್ತಿದ ಗಾಯಕ್ಕೆ ತಗುಲಿದರೆ ಮರವೇ ಹೊತ್ತಿಕೊಳ್ಳುತ್ತದೆ. ಮರದ ಬುಡದ ಎಲೆಗಳನ್ನು ಮೊದಲೇ ತೆರವುಗೊಳಿಸುವುದು ಇದಕ್ಕಾಗಿಯೇ.

ಲಾಭ ಯಾರಿಗೆ?

ಇದು ಹಳೆಯ ಪ್ರಶ್ನೆ. ಚಿಪ್ಕೋ ಚಳವಳಿಗೆ ನಾಂದಿ ಹಾಡಿದ ಚಂಡಿ ಪ್ರಸಾದ್ ಭಟ್ ಅವರ ದಶೋಲಿ ಗ್ರಾಮ ಸ್ವರಾಜ್ಯ ಸಂಘವು ಸ್ವತಃ ಸಣ್ಣ ರಾಳ ಘಟಕ ನಡೆಸುತ್ತಿತ್ತು. ದೊಡ್ಡ ಕಾರ್ಖಾನೆಗಳಿಗೆ ಅಗ್ಗವಾಗಿ ಸಿಗುವ ರಾಳ ಸ್ಥಳೀಯರಿಗೆ ದುಬಾರಿ ಎಂಬುದು ಅದರ ದೂರಾಗಿತ್ತು.

ಇಂದು ಉತ್ತರಾಖಂಡದ ಅನೇಕ ಹಳ್ಳಿಗಳ ಯುವಕರು ನಗರ ಸೇರಿದ್ದಾರೆ. ರಾಳ ತೆಗೆಯುವವರಲ್ಲಿ ನೇಪಾಳದ ಕಾರ್ಮಿಕರು ಬಹಳ. ಹಳ್ಳಿಗರೇ ನಿರ್ವಹಿಸುವ ‘ವನ ಪಂಚಾಯತ್’ ಕಾಡುಗಳೂ ಅಲ್ಲಿವೆ. ರಾಳದ ಆದಾಯ ಹಳ್ಳಿಗೇ ತಲುಪಿದರೆ, ಮರವನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಲು ಹಳ್ಳಿಗೆ ಕಾರಣ ಸಿಗುತ್ತದೆ.