ಗುಬ್ಬಿಯ ವೆಸ್ಲಿಯನ್ ಸಭೆ

ಗಡಿನಾಡಿನ ಶಾಲೆಯೊಂದರ ಶತಮಾನೋತ್ಸವದಲ್ಲಿ ತುಮಕೂರು ಸೀಮೆಯ ಚಿಕ್ಕ ಕ್ರೈಸ್ತ ಸಭೆಯನ್ನು ನೆನೆಯುವುದೇಕೆಂದು ಓದುಗರು ಕೇಳಬಹುದು. ಗುಬ್ಬಿ ಎಂದೊಡನೆ ನಮಗೆ ನೆನಪಾಗುವುದು 1884ರಲ್ಲಿ ಹುಟ್ಟಿದ ನಾಟಕ ಮಂಡಳಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ, 1837ರಲ್ಲಿ, ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ ಅಲ್ಲಿ ನೆಲೆಸಿದರು. ಬೆಂಗಳೂರಿನ ದಂಡುಪ್ರದೇಶದಲ್ಲಿ ಮಿಷನ್ನಿನ ಕಾರ್ಯ ಬಹುಮಟ್ಟಿಗೆ ತಮಿಳು ಮತ್ತು ಇಂಗ್ಲಿಷಿನಲ್ಲಿ ನಡೆದಿತ್ತು. ಕನ್ನಡಿಗರೊಡನೆ ಮಾತನಾಡಲು ಹಳ್ಳಿಗಾಡಿಗೇ ಬರಬೇಕಾಯಿತು.

1839ರಲ್ಲಿ ವಿಲಿಯಂ ಆರ್ಥರ್ ಅವರ ಜೊತೆಗೂಡಿದರು. ಕನ್ನಡ ಕಲಿತು, ಜನರ ನಡುವೆ ಆ ಭಾಷೆಯಲ್ಲೇ ಬೋಧಿಸಿದರು. ಕಣ್ಣಿನ ಬೇನೆಯಿಂದ 1841ರಲ್ಲಿ ಸ್ವದೇಶಕ್ಕೆ ಮರಳಿ, 1847ರಲ್ಲಿ ತಮ್ಮ ಮೈಸೂರು ಸೀಮೆಯ ಅನುಭವಗಳನ್ನು ಗ್ರಂಥವಾಗಿಸಿದರು.

ಅವರ ಗುರಿ ಮತಾಂತರವೇ ಆಗಿತ್ತು. ಊರವರ ನಂಬಿಕೆಗಳನ್ನು ಕುರಿತು ಅವರ ಮಾತು ಕಟುವಾಗಿತ್ತು. ಅದನ್ನು ನಾವು ಮರೆಮಾಚುವುದಿಲ್ಲ. ಸಭೆಗೆ ಸೇರಿದವರೂ ಕೆಲವರೇ. ಆದರೆ ಕನ್ನಡ ಕಲಿತ ಶ್ರಮ ವ್ಯರ್ಥವಾಗಲಿಲ್ಲ. ಹಾಡ್ಸನ್ನರ ಕನ್ನಡ ವ್ಯಾಕರಣವು 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. 1947ರಲ್ಲಿ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು.

ಪ್ರತಿ ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ತೆರೆದು ಹೆಸರುಗಳನ್ನು ಎಣಿಸುವ ನಮಗೆ ಈ ಚರಿತ್ರೆ ಹತ್ತಿರದ್ದು. ಕಡಲಾಚೆಯಿಂದ ಬಂದವರು ಬೆವರು ಸುರಿಸಿ ಕಲಿತ ನುಡಿ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ದೊರೆತಿದೆ. ಅದರಲ್ಲಿ ಓದು ಬರಹವನ್ನೂ ಕಲಿಸುವ ಹೊಣೆ, ತರಗತಿಯಲ್ಲಿ ಐವರೇ ಇದ್ದರೂ, ನಮ್ಮದೇ.