ನೆಲದ ಏರಿಳಿತಕ್ಕೆ ಆಕಾಶದ ಅಳತೆ

ದಿಂಡಿಗಲ್ಲಿನಿಂದ ಮದುರೈ ಕಡೆಗೆ ಹೊರಟರೆ ಸಿರುಮಲೈ ಬೆಟ್ಟದ ಬುಡದಲ್ಲಿ ಚಿನ್ನಾಳಪಟ್ಟಿ ಸಿಗುತ್ತದೆ. ಕನ್ನಡ ಮಾತಾಡುವ ದೇವಾಂಗ ನೇಕಾರರ ಊರು ಅದು. ಬೆಟ್ಟದಿಂದ ಇಳಿದ ಮಳೆನೀರು ಯಾವ ಕೆರೆ ಸೇರುತ್ತದೆ, ಯಾವ ಕೋಡಿ ಹರಿಯುತ್ತದೆ ಎಂಬುದು ಇಂಥ ಸೀಮೆಯಲ್ಲಿ ಬೆಳೆಯ ಹಣೆಬರಹವನ್ನೇ ತೀರ್ಮಾನಿಸುತ್ತದೆ. ಅದನ್ನು ತಿಳಿಯಲು ಎಂಜಿನಿಯರುಗಳು ಒಂದು ಗೆರೆಯುದ್ದಕ್ಕೂ ನೆಲದ ಎತ್ತರ ಗುರುತಿಸಿ ಎಲ್ ಸೆಕ್ಷನ್ ಬರೆಯುತ್ತಾರೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರನ್ನು ಸುರಂಗದ ಮೂಲಕ ಕಂಬಂ ಕಣಿವೆಗೆ ತಿರುಗಿಸಲು ಸಾಧ್ಯವಾದದ್ದೂ ಎತ್ತರದ ಲೆಕ್ಕ ತಪ್ಪದಿದ್ದುದರಿಂದ.

ಈ ಲೆಕ್ಕಕ್ಕೆ ದಕ್ಷಿಣದಲ್ಲಿ ದೊಡ್ಡ ಪರಂಪರೆಯಿದೆ. ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ; 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ತ್ರಿಕೋನಮಿತಿ ಸರ್ವೆಗೆ ಕೈಹಚ್ಚಿದ. ಮುಂದೆ ಕಾರವಾರ, ನಾಗಪಟ್ಟಣಂ ಸೇರಿ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿಟ್ಟು 1909ರಲ್ಲಿ ದೇಶದ ಎತ್ತರಗಳ ಜಾಲ ಸಿದ್ಧವಾಯಿತು. ಸರ್ವೆಯವರು ಬೆಂಚ್‌ಮಾರ್ಕ್ ಕಲ್ಲಿನಿಂದ ಹೊರಟು, ಸ್ಟಾಫ್ ಎಂಬ ಅಳತೆಕೋಲು ನಿಲ್ಲಿಸಿ, ಲೆವೆಲ್ ಯಂತ್ರದಲ್ಲಿ ಓದುತ್ತ ಮೈಲಿಗಟ್ಟಲೆ ನಡೆಯುತ್ತಿದ್ದರು.

2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. 2005ರಲ್ಲಿ ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-1 ಜೋಡಿ ಕ್ಯಾಮೆರಾಗಳಿಂದ ಅದೇ ಕೆಲಸ ಮಾಡಿತು. ಆದರೆ ಮೂವತ್ತು ಮೀಟರಿಗೊಂದು ಎತ್ತರ ಕೊಡುವ ನಕ್ಷೆಯಲ್ಲಿ ಬೆಟ್ಟ ಕಾಣುತ್ತದೆ, ಕೆರೆ ಏರಿ ಕಾಣುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು ಡ್ರೋನ್. ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದುವಂತೆ ಅದು ನೂರಾರು ಫೋಟೊ ತೆಗೆಯುತ್ತದೆ. ಒಂದೇ ಬಂಡೆ, ಒಂದೇ ಬದು ಹಲವು ಫೋಟೊಗಳಲ್ಲಿ ಬೇರೆ ಬೇರೆ ಕೋನದಿಂದ ಕಾಣುವುದರಿಂದ ಓಪನ್‌ಡ್ರೋನ್‌ಮ್ಯಾಪ್‌ನಂಥ ಉಚಿತ ತಂತ್ರಾಂಶವೂ ಲಕ್ಷಾಂತರ ಬಿಂದುಗಳ ಎತ್ತರ ಕಟ್ಟಿಕೊಡುತ್ತದೆ. ಆ ಬಿಂದುಗಳ ನಕ್ಷೆಯ ಮೇಲೆ, ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಗೆರೆಯೊಂದನ್ನು ಎಳೆದರೆ ಸಾಕು, ಎಲ್ ಸೆಕ್ಷನ್ ತೆರೆಯ ಮೇಲೆ ಮೂಡುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಊರಮನೆಗಳ ಹಕ್ಕುಪತ್ರಕ್ಕಾಗಿ ನಡೆದ ಆ ಹಾರಾಟವೇ ಹಳ್ಳಿಗಳಿಗೆ ಡ್ರೋನ್ ಸರ್ವೆಯನ್ನು ಪರಿಚಯಿಸಿತು. 2021ರ ಡ್ರೋನ್ ನಿಯಮಗಳು ಮುಂಗಡ ಅನುಮತಿ ಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿವರೆಗಿನ ಹಾರಾಟದ ದಾರಿಯನ್ನು ಸುಗಮ ಮಾಡಿದವು.

ಇಷ್ಟೆಲ್ಲ ಸುಲಭವಾದ ಮೇಲೂ ಎಡವುವ ಜಾಗಗಳಿವೆ. ಡ್ರೋನಿನ ಉಪಗ್ರಹ ರಿಸೀವರ್ ಕೊಡುವುದು ಗಣಿತದ ದೀರ್ಘವೃತ್ತಗೋಲದ ಮೇಲಿನ ಎತ್ತರ, ಸಮುದ್ರಮಟ್ಟದ ಎತ್ತರವಲ್ಲ. ಹಿಂದೂ ಮಹಾಸಾಗರದ ಗುರುತ್ವ ಕಡಿಮೆಯಿರುವ ಭಾಗ ಹತ್ತಿರವಿರುವುದರಿಂದ ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ವಿಪರೀತ: ಬೆಂಗಳೂರಿನಲ್ಲಿ ಸುಮಾರು 86 ಮೀಟರ್, ದಿಂಡಿಗಲ್ ಕಡೆ ಇನ್ನೂ ಹೆಚ್ಚು. ಇದನ್ನು ಸರಿಪಡಿಸದೆ ಹಳೆಯ ಬೆಂಚ್‌ಮಾರ್ಕಿನೊಂದಿಗೆ ಹೋಲಿಸಿದರೆ ಊರೇ ಪಾತಾಳಕ್ಕೆ ಇಳಿದಂತೆ ತೋರುತ್ತದೆ.

ಎರಡನೆಯ ತೊಡಕು ತೆಂಗಿನ ತೋಟದ್ದು. ಕ್ಯಾಮೆರಾ ನೋಡುವುದು ಗರಿಯನ್ನು, ಬುಡದ ಮಣ್ಣನ್ನಲ್ಲ; ಆದ್ದರಿಂದ ಗೆರೆ ತೋಟದ ಅಂಚಿಗೆ ಬಂದೊಡನೆ ಗೋಡೆಯಂತೆ ಮೇಲೇಳುತ್ತದೆ. ಮರಗಳನ್ನು ಸೋಸಿ ತೆಗೆಯುವ ವಿಧಾನಗಳಿದ್ದರೂ, ದಟ್ಟ ನೆರಳಿನಡಿಯ ನೆಲ ಯಾವ ಫೋಟೊದಲ್ಲೂ ಇಲ್ಲದಿದ್ದರೆ ತಂತ್ರಾಂಶ ಅಕ್ಕಪಕ್ಕದ ಎತ್ತರ ನೋಡಿ ಅಂದಾಜು ಹಾಕುತ್ತದೆ. ಎಲೆಗಳ ಸಂದಿಯಿಂದ ನೆಲ ಮುಟ್ಟುವ ಲೈಡಾರ್ ಲೇಸರ್ ಇಲ್ಲಿ ಉಪಯುಕ್ತ, ಬೆಲೆ ಮಾತ್ರ ದುಬಾರಿ. ನೀರು ತುಂಬಿದ ಕೆರೆಯ ತಳ ಫೋಟೊಗೆ ಸಿಗುವುದಿಲ್ಲವಾದ್ದರಿಂದ, ಹೂಳಿನ ಲೆಕ್ಕ ಬೇಕಾದವರು ಕೆರೆ ಒಣಗುವ ಬೇಸಿಗೆಯಲ್ಲೇ ಡ್ರೋನ್ ಹಾರಿಸಬೇಕು. ಹಾರಿಸುವ ಮುನ್ನ ಏರಿ, ತೂಬು, ಕೋಡಿಯ ಬಳಿ ಗುರುತು ಹಲಗೆಗಳನ್ನಿಟ್ಟು, ಅವುಗಳ ಎತ್ತರವನ್ನು ನೆಲದ ಮೇಲೇ ಅಳೆದುಕೊಳ್ಳಬೇಕು. ಕೆಲವು ಹಲಗೆಗಳನ್ನು ಲೆಕ್ಕಕ್ಕೆ ಸೇರಿಸದೆ ಬರೀ ತಾಳೆ ನೋಡಲು ಉಳಿಸಿಕೊಂಡರೆ, ತೆರೆಯ ಮೇಲಿನ ಗೆರೆ ಎಷ್ಟು ಸೆಂಟಿಮೀಟರ್ ಆಚೀಚೆಯಾಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.