ಬೀದರಿನ ಹಳೆಯ ದವಾಖಾನೆ

ಬೀದರಿನ ಹೆಸರೆತ್ತಿದೊಡನೆ ಕೋಟೆ, ಮಹಮೂದ್ ಗವಾನನ ಮದರಸಾ, ಬಿದರಿಯ ಕುಸುರಿ ಕಣ್ಣೆದುರು ನಿಲ್ಲುತ್ತವೆ. 1472ರ ಆ ಮದರಸಾಕ್ಕಿಂತಲೂ ಮೊದಲೇ ಈ ಊರಿನಲ್ಲಿ ಒಂದು ದವಾಖಾನೆ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುಪ್ಪಿನವರ ಆರೈಕೆಯ ವೆಚ್ಚವನ್ನು ಯಾರು ಹೊರಬೇಕೆಂದು ಚರ್ಚಿಸುವ ಈ ದಿನಗಳಲ್ಲಿ ಅದನ್ನು ನೆನೆಯುವುದು ಉಚಿತ.

ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದ್ ಷಾ (1436–1458) ಅದನ್ನು ಕಟ್ಟಿಸಿದನು. ವಿಜಾಪುರದ ಆಸ್ಥಾನದಲ್ಲಿದ್ದು 17ನೆಯ ಶತಮಾನದ ಆದಿಯಲ್ಲಿ ಇತಿಹಾಸ ಬರೆದ ಫರಿಷ್ತಾ ಕೊಡುವ ಎರಡು ವಿವರಗಳು ನನಗೆ ಕಟ್ಟಡಕ್ಕಿಂತ ಮುಖ್ಯವಾಗಿ ತೋರುತ್ತವೆ. ಅಲ್ಲಿ ಹಿಂದೂ ವೈದ್ಯರೂ ಮುಸಲ್ಮಾನ ಹಕೀಮರೂ ನೇಮಕಗೊಂಡಿದ್ದರು. ರೋಗಿಗಳ ಔಷಧಕ್ಕೂ ಊಟಕ್ಕೂ ಕೆಲವು ಹಳ್ಳಿಗಳ ಉತ್ಪನ್ನವನ್ನೇ ಬಿಟ್ಟುಕೊಡಲಾಗಿತ್ತು. ಮುದುಕರಿಗೆಂದೇ ಕಟ್ಟಿದ ಮನೆ ಅದಲ್ಲ, ನಿಜ. ಆದರೆ ಔಷಧದ ಜೊತೆಗೆ ಅನ್ನದ ಲೆಕ್ಕವನ್ನೂ ಹಿಡಿದ ಏರ್ಪಾಟು ಅದು.

ಈ ನಾಡಿಗೆ ಇಂಥದು ಹೊಸತೂ ಆಗಿರಲಿಲ್ಲ. ಇದೇ ಜಿಲ್ಲೆಯ ಕಲ್ಯಾಣದಿಂದ ಆಳಿದ ಬಿಜ್ಜಳನ ಕಾಲದ್ದು, 1162ರ ಬಳ್ಳಿಗಾವೆಯ ಶಾಸನ. ಅದು ಅಲ್ಲಿಯ ಕೋಡಿಯ ಮಠವನ್ನು ದೀನರಿಗೂ ಅಂಗವಿಕಲರಿಗೂ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೆಂದು ವರ್ಣಿಸುತ್ತದೆ. ಶಾಸನ ಪಾಠ ಹೇಳುವಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ, ಅರಸನ ಸ್ತುತಿಯಲ್ಲೇ ನಿಲ್ಲದೆ ದತ್ತಿಯ ಭಾಗವನ್ನು ಓದಿರಿ, ಎನ್ನುವುದುಂಟು. ಧರ್ಮಕಾರ್ಯವು ವರ್ಷ ವರ್ಷವೂ ನಡೆಯುವುದು ಅದರಿಂದಲೇ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವಂತಿಲ್ಲ. ದವಾಖಾನೆ ಕಟ್ಟಿಸಿದ ಸುಲ್ತಾನನೇ ಭಿಕ್ಷುಕರ ಕೊರಳಿಗೆ ಸರಪಳಿ ಹಾಕಿಸಿ ಬೀದಿಯ ಹೊಲಸು ತೆಗೆಸಿದನೆಂದೂ ಫರಿಷ್ತಾ ಬರೆದಿದ್ದಾನೆ. ಅಂದು ದಯೆಯು ಅರಸನ ಮರ್ಜಿಯಾಗಿತ್ತು, ಪ್ರಜೆಯ ಹಕ್ಕಾಗಿರಲಿಲ್ಲ.

ಇಂದು ಹಕ್ಕಿನ ಮಾತು ಬಂದಿದೆ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ ಸರಕಾರಿ ಆಸ್ಪತ್ರೆಗಳು ಹಿರಿಯರಿಗೆ ಸಾಧ್ಯವಾದಷ್ಟು ಮಟ್ಟಿಗೆ ಹಾಸಿಗೆ ಒದಗಿಸತಕ್ಕದ್ದು. ಆದರೆ ಜಿಲ್ಲೆಗೆ ಒಂದಾದರೂ, 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಂಥ ಆಶ್ರಮವನ್ನು ಸರಕಾರವು ಸ್ಥಾಪಿಸಬಹುದು. ‘ತಕ್ಕದ್ದು’ ಮತ್ತು ‘ಬಹುದು’ಗಳ ಅಂತರ ಕನ್ನಡ ಕಲಿಸುವ ನನಗೆ ವ್ಯಾಕರಣ, ಮುದುಕರಿಗೆ ಅದು ಬಾಳುವೆ.

ಬೀದರಿಗೆ 2007ರಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದಿತು. 2024ರಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಆಸ್ಪತ್ರೆಯಿಂದ ಬಿಟ್ಟಮೇಲೂ 15 ದಿನಗಳ ಔಷಧದ ವೆಚ್ಚ ಅದರಲ್ಲಿ ಸೇರಿದೆ. ಭಾಲ್ಕಿಯ ಕಡೆಯ ಮುದುಕಿಯೊಬ್ಬಳು ಸೊಂಟದ ಎಲುಬು ಮುರಿದುಕೊಂಡರೆ ಶಸ್ತ್ರಚಿಕಿತ್ಸೆಗೆ ದಾರಿಯುಂಟು. ಆದರೆ 16ನೆಯ ದಿನ ಆಕೆಯನ್ನು ಎಬ್ಬಿಸಿ ಕೂರಿಸುವವರು, ಮೈ ಒರೆಸುವವರು, ಗಂಜಿ ಕುಡಿಸುವವರು ಯಾರು? ಮಕ್ಕಳು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿದ್ದರೆ? ರೈಲೂ ಇಲ್ಲದ ಔರಾದಿನಿಂದ ಮತ್ತೆ ಮತ್ತೆ ಬೀದರಿಗೆ ಕರೆತರುವವರಾರು?

ಇದಕ್ಕಾಗಿ ಇಂದು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಡಬೇಕಾಗಿಲ್ಲ. ಆಯವ್ಯಯದಲ್ಲಿ ಔಷಧದ ಪಕ್ಕದಲ್ಲಿ ಶುಶ್ರೂಷೆಗೂ ಪ್ರತಿವರ್ಷ ತಪ್ಪದ ಒಂದು ಮೊತ್ತ ಬೇಕು. ಕಾಯಿದೆಯಲ್ಲಿ ‘ಬಹುದು’ ಇದ್ದೆಡೆ ‘ತಕ್ಕದ್ದು’ ಬರಬೇಕು.